ಕಲಬುರಗಿಯಲ್ಲಿ ಗೆಳೆಯರ ಜೊತೆ ಆರಾಮದ ಸಂಜೆ: ಹೊತ್ತು ಹಿಡಿಯುವುದರಿಂದ ಮನೆ ಮುಟ್ಟುವವರೆಗೆ

ಕಲಬುರಗಿಯಲ್ಲಿ ಗೆಳೆಯರೆಲ್ಲ ಕೂಡಿ ಹೊರಗೆ ಹೋಗಬೇಕೆಂದರೆ ಮೊದಲು ಬಿಸಿಲನ್ನು ಕೇಳಬೇಕು. ನಾಲ್ಕಕ್ಕೆ ಮನೆ ಬಿಟ್ಟರೆ ಆರರೊಳಗೆ ಎಲ್ಲರ ಮುಖ ಬಾಡಿರುತ್ತದೆ. ಏಳೂವರೆಗೆ ಬಿಟ್ಟರೆ ನೋಡಬೇಕೆಂದ ಜಾಗದ ಗೇಟು ಹಾಕಿರುತ್ತದೆ. ಇವೆರಡರ ನಡುವೆ ಸಿಗುವುದು ಒಂದೂವರೆ, ಹೆಚ್ಚೆಂದರೆ ಎರಡು ತಾಸು. ಅಷ್ಟನ್ನು ಬರೋಬ್ಬರಿ ಹಿಡಿದರೆ ಮುಂದಿನ ಚಹಾ, ಊಟ, ಹರಟೆ ತಾನಾಗಿ ಕೂಡಿಬರುತ್ತವೆ.

ನಮ್ಮೂರಲ್ಲಿ ನೋಡುವಂಥದ್ದು ಬೇಕಾದಷ್ಟಿದೆ. ಹಾಗಂತ ಒಂದೇ ಸಂಜೆಯಲ್ಲಿ ಕೋಟೆ, ದರ್ಗಾ, ಗುಡಿ, ಕೆರೆ, ಬುದ್ಧ ವಿಹಾರ ಎಲ್ಲ ಮುಗಿಸಲು ಹೊರಟರೆ ಅದು ಶಾಲೆಯ ಟ್ರಿಪ್ ಆಗುತ್ತದೆ. ಗೆಳೆಯರು ಸೇರುವುದು ಮಾತಾಡುವುದಕ್ಕೆ. ಅದಕ್ಕೆ ನನ್ನ ಲೆಕ್ಕ ಇಷ್ಟೇ: ಬೆಳಕಿರುವಾಗ ಒಂದು ಬಯಲು ಜಾಗ, ಕತ್ತಲಾಗುವಾಗ ಒಂದು ಚಹಾದ ಅಂಗಡಿ, ಆಮೇಲೆ ಒಂದು ಊಟದ ಜಾಗ. ನಾಲ್ಕನೆಯದನ್ನು ಸೇರಿಸಿದಿರೋ, ಅರ್ಧ ಸಂಜೆ ಗಾಡಿ ಹಚ್ಚುವುದರಲ್ಲಿ, ಉಳಿದರ್ಧ "ಎಲ್ಲಿದ್ದಿ? ಯಾವ ಕಡಿ ನಿಂತೀದಿ?" ಎನ್ನುವ ಫೋನಿನಲ್ಲಿ ಹೋಗುತ್ತದೆ.

ಯಾರು, ಎಷ್ಟು ಜನ, ಯಾವ ದಿನ

ಐದಾರು ಜನ ಸಾಕು. ಎಂಟು ದಾಟಿದರೆ ಒಂದೇ ಮೇಜಿನಲ್ಲಿ ಎರಡು ಗುಂಪಾಗುತ್ತದೆ, ಖಾನಾವಳಿಯವರೂ ಎರಡು ಕಡೆ ಕೂಡಿಸುತ್ತಾರೆ. ಗ್ರೂಪಿನಲ್ಲಿ "ಯಾವಾಗ ಫ್ರೀ ಇದೀರಿ?" ಎಂದು ಕೇಳಬೇಡಿ. ಆ ಪ್ರಶ್ನೆಗೆ ಹೆಬ್ಬೆರಳಿನ ಚಿತ್ರ ಬಿಟ್ಟು ಬೇರೆ ಉತ್ತರ ಬಂದದ್ದಿಲ್ಲ. ಎರಡು ದಿನ ನೀವೇ ಹೇಳಿ, ಅದರಲ್ಲಿ ಒಂದನ್ನು ಆರಿಸಲಿ. ನಾಲ್ಕು ಜನ ಹೂಂ ಅಂದ ಕೂಡಲೇ ಠರಾವು ಪಾಸಾಯಿತೆಂದು ತಿಳಿಯಿರಿ. ಐದನೆಯವನಿಗೆ ಕಾದರೆ ಮೊದಲಿನ ನಾಲ್ವರ ಹುರುಪು ಇಳಿಯುತ್ತದೆ.

ದಿನ ಆರಿಸುವಾಗ ಹೊರಗೆ ದುಡಿಯುವವರನ್ನು ನೆನಪಿಡಬೇಕು. ನಮ್ಮ ಗೆಳೆಯರಲ್ಲಿ ಅರ್ಧ ಜನ ಬೆಂಗಳೂರು, ಹೈದರಾಬಾದ್, ಪುಣೆಯಲ್ಲಿದ್ದಾರೆ. ಅವರಿಗೆ ಭಾನುವಾರ ಸಂಜೆ ಎಂದರೆ ಬ್ಯಾಗು ತುಂಬುವ ಹೊತ್ತು, ಕಣ್ಣು ಗಡಿಯಾರದ ಮೇಲೆ, ಮನಸ್ಸು ಸ್ಟೇಷನ್ನಿನಲ್ಲಿ. ಶನಿವಾರವೇ ಒಳ್ಳೆಯದು. ಶನಿವಾರ ಬೆಳಿಗ್ಗೆ ರೈಲಿಳಿದವನು ಮಧ್ಯಾಹ್ನ ಉಂಡು ಮಲಗಿ ಸಂಜೆಗೆ ಹೊಸ ಮನುಷ್ಯನಾಗಿರುತ್ತಾನೆ.

ಊರಿನ ಪಂಚಾಂಗವನ್ನೂ ಒಮ್ಮೆ ನೋಡಿಕೊಳ್ಳಿ. ಸೋಮವಾರ, ಅದರಲ್ಲೂ ಶ್ರಾವಣದ ಸೋಮವಾರ, ಶರಣಬಸವೇಶ್ವರ ಗುಡಿಯ ಕಡೆ ಕಾಲಿಡಲು ಜಾಗವಿರುವುದಿಲ್ಲ. ಗುರುವಾರ ಸಂಜೆ ಮತ್ತು ಶುಕ್ರವಾರ ಖಾಜಾ ಬಂದೇನವಾಜ್ ದರ್ಗಾದ ಸುತ್ತ ದಟ್ಟಣೆ. ಹೋಳಿಯ ನಂತರ ಐದನೆಯ ದಿನ ಅಪ್ಪನ, ಅಂದರೆ ಶರಣಬಸವೇಶ್ವರರ ತೇರು, ಅವತ್ತು ಇಡೀ ಜಿಲ್ಲೆಯೇ ಊರಲ್ಲಿರುತ್ತದೆ. ಬಂದೇನವಾಜರ ಉರುಸು ಇಸ್ಲಾಮಿ ಪಂಚಾಂಗದ ಜುಲ್ ಖಾದಾ ತಿಂಗಳಲ್ಲಿ ಬರುವುದರಿಂದ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಕಳೆದ ವರ್ಷದ ತಾರೀಖು ನೆನಪಿಟ್ಟುಕೊಂಡು ಹೋದರೆ ತಪ್ಪುತ್ತದೆ. ಜಾತ್ರೆಯ ಗದ್ದಲವೇ ಬೇಕೆಂದರೆ ಅವತ್ತೇ ಹೋಗಿ, ಅದರ ಮಜಾ ಬೇರೆ. ಆರಾಮವಾಗಿ ಕೂತು ಮಾತಾಡಬೇಕೆಂದರೆ ಆ ದಿನಗಳನ್ನು ಬಿಡಿ. ಎಳ್ಳಮವಾಸ್ಯೆಯ ದಿನ ಯಾರನ್ನೂ ಕರೆಯಲೇಬೇಡಿ. ಎಲ್ಲರೂ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆ ಕೊಡಲು, ಹೊಲಕ್ಕೆ ಹೋಗಿರುತ್ತಾರೆ, ಸಜ್ಜೆ ರೊಟ್ಟಿ, ಭಜ್ಜಿ ಉಂಡವರು ಸಂಜೆಗೆ ಮೇಲೇಳುವುದಿಲ್ಲ.

ಗಡಿಯಾರ

ಇಲ್ಲಿ ನವೆಂಬರ್ ಕೊನೆಗೆ ಸೂರ್ಯ ಐದೂಮುಕ್ಕಾಲಕ್ಕೇ ಮುಳುಗುತ್ತಾನೆ. ಜೂನ್ ಕೊನೆಗೆ ಏಳರವರೆಗೂ ಇರುತ್ತಾನೆ. ಒಂದೂಕಾಲು ತಾಸಿನ ಈ ವ್ಯತ್ಯಾಸವನ್ನು ಬಹಳ ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೇಸಿಗೆಯಲ್ಲಿ ಸರಿಹೋದ "ಆರಕ್ಕೆ ಸಿಗೋಣ" ಚಳಿಗಾಲದಲ್ಲಿ ಕತ್ತಲಲ್ಲಿ ಸಿಗುವುದಾಗುತ್ತದೆ. ಮುಳುಗುವ ಹೊತ್ತಿಗಿಂತ ಒಂದೂವರೆ ತಾಸು ಮುಂಚೆ ಮೊದಲ ಜಾಗದಲ್ಲಿ ಇರಬೇಕು. ಡಿಸೆಂಬರ್‌ನಲ್ಲಿ ನಾಲ್ಕೂಕಾಲು, ಫೆಬ್ರುವರಿಯಲ್ಲಿ ಐದರ ಆಚೀಚೆ, ಜೂನ್‌ನಲ್ಲಿ ಐದೂವರೆ.

ಗ್ರೂಪಿನಲ್ಲಿ ಹಾಕುವಾಗ ಇನ್ನೂ ಅರ್ಧ ತಾಸು ಮುಂಚಿನ ಹೊತ್ತು ಹಾಕಿ. "ಐದ್ ನಿಮಿಷದಾಗ ಬಂದೆ" ಎನ್ನುವವನು ಆಗಿನ್ನೂ ಜಳಕಕ್ಕೆ ಹೊರಟಿರುತ್ತಾನೆ, ಇದು ಎಲ್ಲರಿಗೂ ಗೊತ್ತಿರುವ ಮಾತು.

ಮೊದಲ ಜಾಗ

ನನ್ನ ಮೊದಲ ಆಯ್ಕೆ ಯಾವತ್ತೂ ಕೋಟೆ. ಅಲಾವುದ್ದೀನ್ ಹಸನ್ ಬಹಮನ್ ಶಾ 1347ರಲ್ಲಿ ರಾಜ್ಯ ಕಟ್ಟಿ ಈ ಊರನ್ನು ರಾಜಧಾನಿ ಮಾಡಿಕೊಂಡ. ಸುತ್ತಲಿನ ಕಂದಕ, ಎರಡು ಸುತ್ತಿನ ಗೋಡೆ, ನಡುವೆ ಬಾಲಾ ಹಿಸಾರ್ ಎಂಬ ಎತ್ತರದ ದೊಡ್ಡ ಕಟ್ಟಡ. ಒಳಗಿರುವ ಜಾಮಿಯಾ ಮಸೀದಿ 1367ರದ್ದು, ಇರಾನಿನ ಕಜ್ವೀನ್ ಮೂಲದ ರಫಿ ಎಂಬಾತ ಕಟ್ಟಿದ್ದೆಂದು ಶಾಸನ ಹೇಳುತ್ತದೆ. ಈ ಮಸೀದಿಗೆ ಬಯಲು ಅಂಗಳವಿಲ್ಲ. ಉಳಿದ ದೊಡ್ಡ ಮಸೀದಿಗಳಲ್ಲಿ ನಡುವೆ ತೆರೆದ ಅಂಗಳ ಇರುತ್ತದಲ್ಲ, ಇಲ್ಲಿ ಅದನ್ನೂ ಸೇರಿಸಿ ಇಡೀ ಕಟ್ಟಡಕ್ಕೆ ಗುಮ್ಮಟಗಳ ಚಾವಣಿ ಹಾಕಿದ್ದಾರೆ: ನಾಲ್ಕು ಮೂಲೆಗೆ ನಾಲ್ಕು ದೊಡ್ಡವು, ಪಶ್ಚಿಮಕ್ಕೆ ಎಲ್ಲಕ್ಕಿಂತ ದೊಡ್ಡದೊಂದು, ನಡುವೆಲ್ಲ ಸಣ್ಣ ಸಣ್ಣವು.

ಸಂಜೆಗೆ ಇದು ಯಾಕೆ ಹೊಂದುತ್ತದೆ ಎಂದರೆ, ಪಶ್ಚಿಮದಲ್ಲಿ ಕಿಬ್ಲಾದ, ಅಂದರೆ ಮೆಕ್ಕಾದ ದಿಕ್ಕಿನ, ಗೋಡೆ ಮುಚ್ಚಿದೆ. ಇಳಿಬಿಸಿಲು ನೇರ ಕಣ್ಣಿಗೆ ಹೊಡೆಯುವುದಿಲ್ಲ. ಬೆಳಕು ಪಕ್ಕದ ಅಗಲವಾದ ಕಮಾನುಗಳಿಂದ ಒಳಗೆ ಬಂದು ಸುಣ್ಣದ ಗೋಡೆಗೆ ತಾಗಿ ಮೆತ್ತಗಾಗಿರುತ್ತದೆ. ಒಂದು ಕಮಾನಿನ ಕೆಳಗೆ ನಿಂತು ಮುಂದೆ ನೋಡಿದರೆ ಕಮಾನಿನೊಳಗೆ ಕಮಾನು, ಅದರೊಳಗೆ ಇನ್ನೊಂದು. ಬದಿಯ ಸಾಲಿನಲ್ಲಿ ಕಮಾನುಗಳು ಬಹಳ ತಗ್ಗಿನಿಂದ ಎದ್ದು ಅಗಲಕ್ಕೆ ಬಾಗಿವೆ. ಉದ್ದನೆಯ ಗೆಳೆಯನೊಬ್ಬನನ್ನು ಅದರಡಿ ನಿಲ್ಲಿಸಿ ಫೋಟೊ ತೆಗೆದರೆ ಅಳತೆ ಗೊತ್ತಾಗುತ್ತದೆ. ಇದು ಪ್ರಾರ್ಥನೆಯ ಜಾಗ. ಚಪ್ಪಲಿ ಹೊರಗೆ, ಮೈತುಂಬ ಬಟ್ಟೆ, ದನಿ ಕೆಳಗೆ. ಹರಟೆಗೆ ಹೊರಗಿನ ಬಯಲಿದೆ.

ಕೋಟೆಯ ಮೇಲೆ ಬಾರಾ ಗಜಿ ತೋಪು ಎಂಬ ಉದ್ದನೆಯ ಫಿರಂಗಿ ಇದೆ. ಜಗತ್ತಿನಲ್ಲೇ ಉದ್ದದ್ದು ಇದೇ ಎಂದು ಊರಿನವರ ವಾದ. ಗುಂಪಿನಲ್ಲಿ ಒಬ್ಬ ಬೀದರಿನವನೋ ವಿಜಯಪುರದವನೋ ಇದ್ದರೆ ಅಲ್ಲೇ ಅರ್ಧ ತಾಸು ಜಗಳ ಗ್ಯಾರಂಟಿ. ವಿಜಯಪುರದವರು ಮಲಿಕ್ ಮೈದಾನ್ ತೋಪನ್ನು ಬಿಟ್ಟುಕೊಡುವವರಲ್ಲ. ಮೇಲೇರುವಾಗ ಹರುಕು ಚಪ್ಪಲಿ ಬೇಡ, ಕಲ್ಲು ಸಡಿಲಿವೆ, ಅಂಚಿಗೆ ಎಲ್ಲ ಕಡೆ ಕಟಕಟೆ ಇಲ್ಲ. ಬೆಳಕು ಹೋಗುವ ಮೊದಲೇ ಇಳಿದುಬಿಡಿ. ಸಂರಕ್ಷಿತ ಸ್ಮಾರಕಗಳಲ್ಲಿ ಕತ್ತಲಾದ ಮೇಲೆ ಉಳಿಯಲು ಬಿಡುವುದೂ ಇಲ್ಲ.

ಕೋಟೆ ಎಲ್ಲರೂ ನೋಡಿದ್ದಾಗಿದೆ ಎಂದರೆ ಊರಿನ ಪೂರ್ವದ ಹಫ್ತ್ ಗುಂಬಜ್ ಇದೆ. ಬಹಮನಿ ಸುಲ್ತಾನರ ಗೋರಿಗಳು. ಅವುಗಳಲ್ಲಿ ಫಿರೋಜ್ ಶಾನ ಜೋಡಿ ಗುಮ್ಮಟದ ಗೋರಿ ಎಲ್ಲಕ್ಕಿಂತ ದೊಡ್ಡದು. ಬಂದೇನವಾಜರ ದರ್ಗಾ ಅಲ್ಲಿಂದ ದೂರವಿಲ್ಲ. ಇಲ್ಲಿ ಒಂದು ಕಥೆ ಹೇಳಲು ಸಿಗುತ್ತದೆ: ದೆಹಲಿಯಿಂದ ಬಂದ ಬಂದೇನವಾಜರನ್ನು ಫಿರೋಜ್ ಶಾ ಮೊದಮೊದಲು ಆದರದಿಂದ ಕಂಡ, ಆಮೇಲೆ ಇಬ್ಬರಿಗೂ ಹೊಂದಲಿಲ್ಲ. ಸಂತರು ಒಲಿದದ್ದು ಅವನ ತಮ್ಮ ಅಹ್ಮದನಿಗೆ. 1422ರಲ್ಲಿ ಅಣ್ಣನನ್ನು ಇಳಿಸಿ ತಮ್ಮ ಸಿಂಹಾಸನ ಏರಿದ, ಅದೇ ವರ್ಷ ಫಿರೋಜನೂ ಹೋದ, ಬಂದೇನವಾಜರೂ ಹೋದರು. ಅಹ್ಮದ್ ಶಾ ರಾಜಧಾನಿಯನ್ನು ಬೀದರಿಗೆ ಒಯ್ದ. ಮನಸ್ತಾಪವಾದ ಇಬ್ಬರೂ ಈಗ ಕೂಗಳತೆಯಲ್ಲಿ ಮಲಗಿದ್ದಾರೆ. ದರ್ಗಾಕ್ಕೆ ಹೋಗುವುದಿದ್ದರೆ ತಲೆಗೆ ಕರವಸ್ತ್ರ ಇಟ್ಟುಕೊಳ್ಳಿ, ಹೂವಿನ ಅಂಗಡಿಯವರ ಹತ್ತಿರ ಚಪ್ಪಲಿ ಬಿಡಬಹುದು.

ಗುಂಪಿನಲ್ಲಿ ಸಣ್ಣ ಮಕ್ಕಳೋ ಮೊಣಕಾಲು ನೋವಿನವರೋ ಇದ್ದರೆ ಕೋಟೆಯ ಗೋಜು ಬೇಡ, ಅಪ್ಪನ ಕೆರೆಯ ಉದ್ಯಾನಕ್ಕೆ ಹೋಗಿ. ಶರಣಬಸವೇಶ್ವರ ಗುಡಿಯಲ್ಲಿ ದರ್ಶನ ಮಾಡಿ, ಕೆರೆಯ ಕಡೆ ಗಾಳಿ ಬರುವಲ್ಲಿ ಕೂತರೆ ಆಯಿತು. ಗಾಳಿ ನಿಂತ ದಿನ ಕೆರೆಯ ದಂಡೆಯಲ್ಲಿ ಸೊಳ್ಳೆ ಜಾಸ್ತಿ ಎನ್ನುವುದನ್ನೂ ಹೇಳಿರಬೇಕು. ಇನ್ನೂ ಶಾಂತ ಬೇಕೆನ್ನುವವರಿಗೆ ಸೇಡಂ ರಸ್ತೆಯಲ್ಲಿ ವಿಶ್ವವಿದ್ಯಾಲಯದ ಬಳಿಯ ಬುದ್ಧ ವಿಹಾರ. ಅಲ್ಲಿಗೆ ಸ್ವಂತ ಗಾಡಿ ಇದ್ದರೇ ಸಲೀಸು. ಊರಿಂದ ಹೊರಗಿರುವುದರಿಂದ ಚಹಾ, ಊಟಕ್ಕೆ ಮತ್ತೆ ಒಳಗೆ ಬರಬೇಕು, ಆ ಹೊತ್ತಿಗೆ ಸೇಡಂ ರಸ್ತೆಯಲ್ಲಿ ಟ್ರಾಫಿಕ್ಕು.

ಸಿನೆಮಾ ಯಾಕೆ ಹೇಳಲಿಲ್ಲ ಎಂದು ಕೇಳಬಹುದು. ವರ್ಷಕ್ಕೊಮ್ಮೆ ಸೇರುವ ಗೆಳೆಯರು ಎರಡೂವರೆ ತಾಸು ಕತ್ತಲಲ್ಲಿ ಬಾಯಿ ಮುಚ್ಚಿಕೊಂಡು ಕೂಡುವುದು ನನಗಂತೂ ತಿಳಿಯದ ಲೆಕ್ಕ.

ಚಹಾ ಮತ್ತು ಮಿರ್ಚಿ

ಕತ್ತಲಾಗುತ್ತಿದ್ದಂತೆ ಊರಿನೊಳಗೆ ಬನ್ನಿ. ಸೂಪರ್ ಮಾರ್ಕೆಟ್, ಜಗತ್ ವೃತ್ತ, ಸ್ಟೇಷನ್ ರಸ್ತೆ, ಯಾವ ಕಡೆಗಾದರೂ ಸರಿ. ಊಟದ ಜಾಗಕ್ಕೆ ನಡೆದು ಹೋಗುವಷ್ಟು ಹತ್ತಿರದ ಚಹಾದ ಅಂಗಡಿ ಹಿಡಿಯುವುದು ಮುಖ್ಯ. ಗಾಡಿ ಒಮ್ಮೆ ಹಚ್ಚಿದರೆ ಊಟ ಮುಗಿಯುವವರೆಗೂ ತೆಗೆಯಬಾರದು.

ನಿಜಾಮನ ಆಳ್ವಿಕೆ 1948ರ ಸೆಪ್ಟೆಂಬರ್ 17ಕ್ಕೆ ಮುಗಿಯಿತು, ಚಹಾದಲ್ಲಿ ಮಾತ್ರ ಹೈದರಾಬಾದ್ ಹಾಗೇ ಉಳಿದಿದೆ. ಹಾಲು ಬೇರೆ ಪಾತ್ರೆಯಲ್ಲಿ ಗಟ್ಟಿಯಾಗುವವರೆಗೆ ಕುದಿಯುತ್ತಿರುತ್ತದೆ, ಡಿಕಾಕ್ಷನ್ ಬೇರೆ. ಎರಡನ್ನೂ ಕಪ್ಪಿಗೆ ಸುರಿದಾಗ ಮೇಲೆ ಕೆನೆ ಕಟ್ಟುತ್ತದೆ. ಜೊತೆಗೆ ಖಾರಿಯೋ ಉಸ್ಮಾನಿಯಾ ಬಿಸ್ಕಿಟೋ. ಇಂಥ ಹೋಟೆಲುಗಳಲ್ಲಿ ಒಂದು ಕಪ್ಪಿಗೆ ತಾಸುಗಟ್ಟಲೆ ಕೂತರೂ ಯಾರೂ ಎಬ್ಬಿಸುವುದಿಲ್ಲ. ಆದರೂ ಗಿರಾಕಿ ನಿಂತು ಕಾಯುತ್ತಿದ್ದರೆ ಇನ್ನೊಂದು ಸುತ್ತು ಹೇಳಿ, ಇಲ್ಲವೇ ಎದ್ದು ಕೊಡಿ.

ಮಿರ್ಚಿ ಭಜಿಯ ಗಾಡಿ ಆರಿಸುವುದಕ್ಕೆ ಹೆಸರು, ಬೋರ್ಡು ಏನೂ ಬೇಡ, ಐದು ನಿಮಿಷ ನಿಂತು ನೋಡಿದರೆ ಸಾಕು. ಕಡ್ಲಿ ಹಿಟ್ಟು ಕಲಸಿದ ಬೋಗುಣಿ ಸಣ್ಣದಿರಬೇಕು. ದೊಡ್ಡ ಬೋಗುಣಿ ಎಂದರೆ ಮಧ್ಯಾಹ್ನ ಕಲಸಿದ್ದು. ಎಣ್ಣೆ ಕರ್ರಗಿರಬಾರದು. ಒಳ್ಳೆಯ ಕೈಯವನು ಮೆಣಸಿನಕಾಯಿಯ ಹೊಟ್ಟೆ ಸೀಳಿ ಅಜಿವಾನ, ಉಪ್ಪು ಸವರಿರುತ್ತಾನೆ. ತೊಟ್ಟು ಹಿಡಿದು ಹಿಟ್ಟಿನಲ್ಲಿ ಮುಳುಗಿಸಿ, ಬೋಗುಣಿಯ ಅಂಚಿಗೆ ಒಂದು ಬದಿ ಒರೆಸಿ ಎಣ್ಣೆಗೆ ಬಿಡುತ್ತಾನೆ. ಒರೆಸಿದ ಆ ಬದಿಯಲ್ಲಿ ಹಿಟ್ಟು ತೆಳ್ಳಗಿರುವುದರಿಂದ ಕಾಯಿಗೆ ಬಿಸಿ ತಟ್ಟಿ ಒಳಗೆ ಬೇಯುತ್ತದೆ, ಉಳಿದ ಬದಿ ಉಬ್ಬುತ್ತದೆ. ಅರ್ಧ ಕರಿದದ್ದನ್ನು ತೆಗೆದು ಬುಟ್ಟಿಯಲ್ಲಿಟ್ಟು, ಗಿರಾಕಿ ಬಂದಾಗ ಮತ್ತೆ ಎಣ್ಣೆಗೆ ಹಾಕುವವನೇ ಸರಿಯಾದವನು. ಎರಡನೆಯ ಸಲ ಕರಿದಾಗಲೇ ಅದು ಕರುಂ ಎನ್ನುವುದು. ಜೊತೆಗೆ ಚುರುಮುರಿ, ಹಸಿ ಉಳ್ಳಾಗಡ್ಡಿ. ತಲೆಗೆ ಎರಡರ ಮೇಲೆ ಬೇಡ, ಊಟ ಬಾಕಿ ಇದೆ.

ಡಿಸೆಂಬರ್ ಜನವರಿಯಲ್ಲಿ ಬಂದವರಿಗೆ ಮಿರ್ಚಿಗಿಂತ ಒಳ್ಳೆಯದೊಂದಿದೆ: ಹಸಿ ತೊಗರಿಕಾಯಿ. ನಮ್ಮೂರು ತೊಗರಿಯ ಕಣಜ, ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಬೇಳೆಯಾಗುವ ಮೊದಲಿನ ಕಾಯಿಯನ್ನು ಉಪ್ಪು ಹಾಕಿ ಕುದಿಸಿ, ಬಿಸಿಬಿಸಿ ಸುಲಿದು ತಿನ್ನುವ ಸುಖ ಬೆಂಗಳೂರಿನಲ್ಲಿ ಕುಳಿತ ಗೆಳೆಯನಿಗೆ ಕನಸಿನಲ್ಲಿ ಬರುವಂಥದ್ದು. ಒಂದು ಕಿಲೋ ತಂದು ಯಾರದಾದರೂ ಮನೆಯಲ್ಲಿ ಕುದಿಸಿ ಡಬ್ಬಿಯಲ್ಲಿ ಒಯ್ದರೆ ಕೋಟೆಯ ಬಯಲಿನಲ್ಲೇ ನಾಷ್ಟಾ ಆಗುತ್ತದೆ. ಸಿಪ್ಪೆಗೆ ಒಂದು ಚೀಲ ಮರೆಯಬೇಡಿ, ಅದನ್ನು ಅಲ್ಲೇ ಚೆಲ್ಲಿ ಬರುವುದು ನಾಚಿಕೆಗೇಡು.

ರಂಜಾನ್ ತಿಂಗಳಾದರೆ ಲೆಕ್ಕವೇ ಬದಲು. ಇಫ್ತಾರಿನ ಹೊತ್ತಿಗೆ ಮುಸ್ಲಿಂ ಚೌಕ್, ದರ್ಗಾದ ಕಡೆ ಹೋಗಿ ಅಂಗಡಿಯವರನ್ನು ಕಾಡಬೇಡಿ, ಅವರೂ ಉಪವಾಸ ಬಿಡಬೇಕು. ರಾತ್ರಿ ಒಂಬತ್ತೂವರೆ ಹತ್ತರ ಮೇಲೆ, ತರಾವೀಹ್ ನಮಾಜು ಮುಗಿದು ಜನ ಹೊರಗೆ ಬಂದಾಗ ಹೋಗಿ. ಹಲೀಮ್, ಖಜೂರ, ಅತ್ತರು, ಬಳೆ, ನಡುರಾತ್ರಿಯವರೆಗೆ ಬೀದಿ ಎಚ್ಚರವಿರುತ್ತದೆ. ವರ್ಷದಲ್ಲಿ ನಮ್ಮೂರು ದೊಡ್ಡ ಊರಿನ ಹಾಗೆ ನಿದ್ದೆಗೆಡುವುದು ಆಗಲೇ.

ಊಟ

ಕಿರಿಕಿರಿ ಶುರುವಾಗುವುದು ಇಲ್ಲೇ. ಐವರಲ್ಲಿ ಇಬ್ಬರು ಲಿಂಗಾಯತ ಮನೆಯ ಅಪ್ಪಟ ಸಸ್ಯಾಹಾರಿಗಳು, ಇಬ್ಬರಿಗೆ ಬಿರಿಯಾನಿ ಇಲ್ಲದಿದ್ದರೆ ಊಟವೇ ಅಲ್ಲ, ಒಬ್ಬ ಡಯಟ್ಟಿನಲ್ಲಿದ್ದಾನೆ. ಎರಡೂ ಸಿಗುವ ಹೋಟೆಲಿಗೆ ಹೋದರೆ ಎಲ್ಲರಿಗೂ ಅರೆಬರೆ ಊಟ. ನನ್ನ ಸಲಹೆ: ಒಂದು ಸಲ ಖಾನಾವಳಿ, ಮುಂದಿನ ಸಲ ಬಿರಿಯಾನಿ, ಸರದಿ ಹಾಕಿಕೊಳ್ಳಿ. ಬಿರಿಯಾನಿಯ ಸರದಿ ಬಂದಾಗ ಸಸ್ಯಾಹಾರಿಗಳಿಗೆ ಚಹಾದ ಹೊತ್ತಿನಲ್ಲೇ ಹೊಟ್ಟೆ ತುಂಬುವಂಥದ್ದು ಕೊಡಿಸಿ. ಹೊರ ಊರಿನ ಗೆಳೆಯ ಬಂದಿದ್ದು, ಅವನು ಮಾಂಸ ತಿನ್ನುವವನಾದರೆ ತಹರಿ ತಿನ್ನಿಸದೆ ಕಳಿಸಬೇಡಿ. ಅರಿಶಿಣದ ಬಣ್ಣದ ಅನ್ನ, ಮೆತ್ತಗೆ ಬೆಂದ ಮಾಂಸ, ಬಿರಿಯಾನಿಯ ಆಡಂಬರ ಇಲ್ಲ. ಎಲ್ಲ ಕಡೆ ರಾತ್ರಿಯವರೆಗೆ ಉಳಿದಿರುವುದಿಲ್ಲ, ಫೋನು ಮಾಡಿ ಕೇಳಿಯೇ ಹೋಗಿ.

ಖಾನಾವಳಿಗೆ ಎಂಟರೊಳಗೆ ಹೋಗಬೇಕು. ಒಂಬತ್ತರ ಮೇಲೆ ಬಿಸಿ ರೊಟ್ಟಿ ಬಡಿಯುವ ಹೆಣ್ಣುಮಕ್ಕಳು ಕೆಲಸ ಮುಗಿಸಿರುತ್ತಾರೆ, ಸಿಗುವುದು ಖಡಕ್ ರೊಟ್ಟಿಯೇ. ಖಡಕ್ ರೊಟ್ಟಿಗೂ ಒಂದು ರುಚಿ ಇದೆ, ಮೊಸರು, ಶೇಂಗಾ ಹಿಂಡಿ ಕಲಸಿ ಮುರಿದು ತಿಂದರೆ. ಆದರೆ ಪುಂಡಿಪಲ್ಯಕ್ಕೆ ಬಿಸಿ ರೊಟ್ಟಿಯೇ ಆಗಬೇಕು. ಎಣ್ಣೆಗಾಯಿ ಬದನೆಕಾಯಿ, ಝುಣಕ, ಹೆಸರುಕಾಳಿನ ಪಲ್ಯ, ಅಗಸಿ ಹಿಂಡಿ, ತಟ್ಟೆಯ ಅಂಚಿಗೆ ಹಸಿ ಮೆಂತ್ಯ, ಗಜ್ಜರಿ, ಸೌತೆಕಾಯಿ. ಕೂಡುವ ಮೊದಲೇ ಎಷ್ಟು ಜನ ಎಂದು ಹೇಳಿ, ಎಲ್ಲರಿಗೂ ರೊಟ್ಟಿ ಒಟ್ಟಿಗೆ ಬರುವ ಹಾಗೆ ಎರಡೆರಡು ತರಿಸಿ. ಒಬ್ಬೊಬ್ಬನೇ ಕೂಗಿದರೆ ಒಬ್ಬ ಅನ್ನಕ್ಕೆ ಬಂದಾಗ ಇನ್ನೊಬ್ಬನಿಗೆ ಮೊದಲ ರೊಟ್ಟಿ.

ಸಿಹಿಗೆ ಮಾಲಪುರಿ. ಖೋವಾ ಹಾಕಿ ಮಾಡುವ ಈ ಸಿಹಿ ಕಲಬುರಗಿಯ ಹೆಸರಿಗೇ ಅಂಟಿಕೊಂಡಿದೆ. ಒಂದನ್ನು ಇಬ್ಬರು ಹಂಚಿಕೊಳ್ಳಿ, ಪೂರ್ತಿ ತಿಂದರೆ ಮನೆಗೆ ಹೋಗುವ ದಾರಿಯಲ್ಲೇ ನಿದ್ದೆ ಬರುತ್ತದೆ. ಊರಿಗೆ ಮರಳುವ ಗೆಳೆಯನಿಗೆ ಒಂದು ಪೊಟ್ಟಣ ಕಟ್ಟಿಸಬಹುದು.

ಕುಡಿಯುವವರು ಇದ್ದರೆ ಅದನ್ನು ಮೊದಲೇ ಮಾತಾಡಿಕೊಳ್ಳಿ, ನಡುವೆ ಇಬ್ಬರು ಎದ್ದು ಹೋಗಿ ತಾಸು ಬಿಟ್ಟು ಬಂದರೆ ಉಳಿದವರ ಸಂಜೆ ಕೆಡುತ್ತದೆ. ಗಾಡಿಯ ಕೀಲಿ ಕುಡಿಯದವನ ಕಿಸೆಯಲ್ಲಿರಲಿ, ಇದರಲ್ಲಿ ಮಾತಿಗೆ ಜಾಗವಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ: ಮಾಳಿಗೆ

ಮೇಲೆ ಹೇಳಿದ್ದೆಲ್ಲ ಜೂನ್‌ನಿಂದ ಮಾರ್ಚ್‌ವರೆಗಿನ ಮಾತು. ಬೇಸಿಗೆಯಲ್ಲಿ ಇಲ್ಲಿ ಪಾರಾ 42, 43 ಡಿಗ್ರಿ ದಾಟುತ್ತದೆ. ಬಿಸಿಲು ಇಳಿದರೂ ಝಳ ಇಳಿಯುವುದಿಲ್ಲ, ಕೋಟೆಯ ಕಲ್ಲು ಹಗಲೆಲ್ಲ ಕುಡಿದ ಕಾವನ್ನು ರಾತ್ರಿ ಒಂಬತ್ತರವರೆಗೂ ಉಗುಳುತ್ತದೆ. ಆ ತಿಂಗಳುಗಳಲ್ಲಿ ಹೊರಗೆ ಅಲೆಯುವ ಯೋಜನೆಯನ್ನೇ ಬಿಟ್ಟು ಯಾರದಾದರೂ ಮನೆಯ ಮಾಳಿಗೆ ಹಿಡಿಯಿರಿ. ನನ್ನನ್ನು ಕೇಳಿದರೆ ಕಲಬುರಗಿಯ ಒಳ್ಳೆಯ ಸಂಜೆಗಳು ಮಾಳಿಗೆಯ ಮೇಲಿನವೇ.

ಮಾಳಿಗೆ ತಣಿಸುವುದಕ್ಕೂ ಕ್ರಮವಿದೆ. ಬಿಸಿಲಿರುವಾಗ ನೀರು ಹೊಡೆದರೆ ಉಪಯೋಗವಿಲ್ಲ, ಚರ್ ಎಂದು ಆವಿಯಾಗಿ ಹೋಗುತ್ತದೆ, ಸೆಕೆ ಇನ್ನೂ ಹೆಚ್ಚುತ್ತದೆ. ಸೂರ್ಯ ಮುಳುಗಿದ ಕೂಡಲೇ ಮೊದಲ ಸುತ್ತು. ಶಹಾಬಾದ್ ಫರ್ಶಿ ಹಾಸಿದ ಮಾಳಿಗೆಯಾದರೆ ಬಕೀಟು ಸುರಿದ ಗಳಿಗೆಗೆ ಕಲ್ಲು ಕರ್ರಗಾಗಿ, ನೋಡನೋಡುತ್ತ ಅಂಚಿನಿಂದ ಮತ್ತೆ ಬೂದು ಬಣ್ಣಕ್ಕೆ ತಿರುಗುತ್ತದೆ. ಅರ್ಧ ತಾಸು ಬಿಟ್ಟು ಎರಡನೆಯ ಸುತ್ತು. ಈ ಸಲ ಒದ್ದೆ ಬೇಗ ಆರದಿದ್ದರೆ ಕಾವು ಹೋಗಿದೆ ಎಂದರ್ಥ. ಬರಿಗಾಲಲ್ಲಿ ನಿಂತು ನೋಡಿ, ಆಮೇಲೆ ಜಮಖಾನ ಹಾಸಿ. ನೀರಿಗೆ ತಾಪತ್ರಯ ಇರುವ ಓಣಿಯಲ್ಲಾದರೆ ಕೂಡುವಷ್ಟು ಜಾಗಕ್ಕೆ ಮಾತ್ರ ಹೊಡೆಯಿರಿ, ಇಡೀ ಮಾಳಿಗೆ ತೋಯಿಸುವುದು ದಂಡ.

ಅಡಿಗೆಗೆ ಒಲೆ ಹಚ್ಚಬೇಡಿ, ಆ ಮನೆಯವರ ಮೇಲೆ ಕರುಣೆ ಇರಲಿ. ಖಡಕ್ ರೊಟ್ಟಿ, ಹಿಂಡಿ ಅಂಗಡಿಯಲ್ಲಿ ಸಿಗುತ್ತವೆ, ಮಹಿಳಾ ಸ್ವಸಹಾಯ ಸಂಘದವರು ಮಾಡಿದ ಪಾಕೀಟುಗಳೂ ಇರುತ್ತವೆ. ಒಬ್ಬ ಮೊಸರು, ಒಬ್ಬ ಕಲ್ಲಂಗಡಿ, ಒಬ್ಬ ಮಾವಿನಹಣ್ಣು ತರಲಿ. ಸೀಕರಣೆ ಅಲ್ಲೇ ಹಿಚುಕಬಹುದು. ಮಜ್ಜಿಗೆಗೆ ಮಣ್ಣಿನ ಗಡಿಗೆ ಇದ್ದರೆ ಫ್ರಿಜ್ಜಿನ ಹಂಗಿಲ್ಲ. ಕರೆಂಟು ಹೋದರೆ ಮಾಳಿಗೆಯವರಿಗೆ ಏನೂ ವ್ಯತ್ಯಾಸವಾಗುವುದಿಲ್ಲ, ಕೆಳಗಿನವರೂ ಮೇಲೆ ಬಂದು ಸೇರುತ್ತಾರೆ, ಅಷ್ಟೇ. ಹತ್ತರ ಮೇಲೆ ದನಿ ತಗ್ಗಿಸಿ. ಪಕ್ಕದ ಮಾಳಿಗೆಯಲ್ಲಿ ಜನ ಮಲಗಿರುತ್ತಾರೆ.

ಮಳೆ ಬಂದರೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪರ್ಯಾಯ ಒಂದಿರಲಿ. ಡಾ. ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ನಾಟಕವೋ ಸಂಗೀತವೋ ಇದೆಯೇ ನೋಡಿ. ಈ ರಂಗಮಂದಿರಕ್ಕೆ ಹೆಸರು ಕೊಟ್ಟ ಪಂಡಿತರು 1916ರಲ್ಲಿ ಇಲ್ಲೇ ಹುಟ್ಟಿ ಮುಂಬೈಯಲ್ಲಿ ಸಿನೆಮಾ ಪೋಸ್ಟರು, ಪುರಾಣದ ಚಿತ್ರಗಳಿಂದ ಹೆಸರಾದ ಕಲಾವಿದರು. ಅಲ್ಲೂ ಏನೂ ಇಲ್ಲದಿದ್ದರೆ ನೇರವಾಗಿ ಚಹಾದ ಅಂಗಡಿಗೆ ನಡೆಯಿರಿ. ಮಳೆಯ ದಿನ ಕೋಟೆಯ ಮೇಲಂತೂ ಬೇಡ, ಕಲ್ಲು ಜಾರುತ್ತದೆ.

ಹೋಗುವುದು, ಬರುವುದು, ದುಡ್ಡು

ಆಟೋದಲ್ಲಿ ಮೀಟರಿನ ಮಾತು ಎತ್ತಿದರೆ ಚಾಲಕ ನಗುತ್ತಾನೆ. ಹತ್ತುವ ಮೊದಲೇ ದರ ಮಾತಾಡಿ, ಇಷ್ಟು ಜನ, ಇಲ್ಲಿಂದ ಇಲ್ಲಿಗೆ ಎಂದು ಬಿಡಿಸಿ ಹೇಳಿ. ಸಂಜೆಯ ಹೊತ್ತಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಸಿಟಿ ಬಸ್ಸುಗಳೂ ಇವೆ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಗುಂಪಿನ ಹೆಣ್ಣುಮಕ್ಕಳಿಗೆ ಅವುಗಳಲ್ಲಿ ಟಿಕೀಟಿನ ಖರ್ಚಿಲ್ಲ, ಗುರುತಿನ ಚೀಟಿ ಇದ್ದರೆ ಆಯಿತು. ರಾತ್ರಿಯ ಮಾತು ಬೇರೆ. ಒಂಬತ್ತೂವರೆಯ ಮೇಲೆ ಬಸ್ಸು ಕಡಿಮೆ, ಮೊಬೈಲಿನಲ್ಲಿ ಕರೆದ ಆಟೋ ಬರುತ್ತದೆಂಬ ಖಾತ್ರಿ ಇಲ್ಲ. ಅದಕ್ಕೆ ಯಾರನ್ನು ಯಾರು ಬಿಡಬೇಕೆಂದು ಊಟಕ್ಕೆ ಕೂಡುವ ಮೊದಲೇ ಗೊತ್ತುಮಾಡಿ. ರಿಂಗ್ ರಸ್ತೆಯ ಆಚೆ ಹೊಸ ಬಡಾವಣೆಗಳಲ್ಲಿ ಇರುವವರು ಮೊದಲು, ಊರೊಳಗಿನವರು ಆಮೇಲೆ. ಒಬ್ಬಳೇ ಹೋಗುವ ಗೆಳತಿಯನ್ನು ಆಟೋ ಹತ್ತಿಸಿ ಕೈಬೀಸಿದರೆ ಮುಗಿಯಲಿಲ್ಲ. ಆಟೋದ ನಂಬರು ಗ್ರೂಪಿಗೆ ಹಾಕಿ, ಅವಳು "ಮುಟ್ಟಿದೆ" ಎನ್ನುವವರೆಗೆ ಒಬ್ಬರಾದರೂ ಎಚ್ಚರ ಇರಿ.

ಎಲ್ಲ ಗೊತ್ತಾದ ಮೇಲೆ ಗ್ರೂಪಿಗೆ ಹೋಗಬೇಕಾದ ಮೆಸೇಜು ಇಷ್ಟೇ ಉದ್ದ ಇರಲಿ:

"ಶನಿವಾರ. ನಾಲ್ಕೂವರೆಗೆ ಕೋಟೆಯ ಗೇಟು, ಕಾಯೋದಿಲ್ಲ. ಆರೂವರೆಗೆ ಚಹಾ, ಸೂಪರ್ ಮಾರ್ಕೆಟ್. ಎಂಟಕ್ಕೆ ಖಾನಾವಳಿ. ಹತ್ತಕ್ಕೆ ಎಲ್ಲಾರೂ ಮನಿ. ತಲೆಗೆ 500 ಈಗಲೇ ಹಾಕ್ರಿ. ಕೋಟಿಗೆ ಬರಾಕ ಆಗದವರು ಸೀದಾ ಚಹಾಕ್ಕ ಬರ್ರಿ."

ಕೊನೆಯ ಸಾಲು ಬಿಡಬೇಡಿ. ತಡವಾದವನಿಗೆ ಎಲ್ಲಿ ಬಂದು ಕೂಡಿಕೊಳ್ಳಬೇಕೆಂದು ಗೊತ್ತಿದ್ದರೆ ಅವನಿಗಾಗಿ ನಾಲ್ವರು ಗೇಟಿನಲ್ಲಿ ನಿಲ್ಲಬೇಕಾಗಿಲ್ಲ. ದುಡ್ಡು ಮೊದಲೇ ತರಿಸುವುದಕ್ಕೂ ಕಾರಣವಿದೆ. ಬಿಲ್ಲು ಬಂದಾಗ "ನಾ ಕೊಡ್ತೀನಿ, ನೀ ಸುಮ್ನಿರು" ಎಂದು ಕೈಕೈ ಹಿಡಿದು ಎಳೆದಾಡುವುದು ನಮ್ಮ ಕಡೆಯ ಪದ್ಧತಿ, ನೋಡಲು ಚೆಂದ, ಆದರೆ ಪ್ರತಿ ಸಲ ಗೆಲ್ಲುವವನು ಅದೇ ಒಬ್ಬ, ಅವನ ಕಿಸೆಯೇ ಹಗುರಾಗುವುದು. ಎಲ್ಲರ ದುಡ್ಡು ಒಬ್ಬರ ಕೈಯಲ್ಲಿದ್ದರೆ ಚಹಾದಿಂದ ಮಾಲಪುರಿಯವರೆಗೆ ಅವರೇ ಕೊಡುತ್ತ ಹೋಗುತ್ತಾರೆ. ಆ ಕೆಲಸ ಲೆಕ್ಕದಲ್ಲಿ ಗಟ್ಟಿ ಇರುವವರಿಗೆ ಕೊಡಿ, ಧಾರಾಳಿಗೆ ಬೇಡ. ಸಣ್ಣ ಗಾಡಿಯವರಿಗೆಂದು ಹತ್ತು, ಇಪ್ಪತ್ತರ ನೋಟು ಸ್ವಲ್ಪ ಇಟ್ಟುಕೊಂಡಿರಲಿ. ಮಿಕ್ಕ ಹಣವನ್ನು ಅವತ್ತು ರಾತ್ರಿಯೇ ಎಲ್ಲರಿಗೂ ವಾಪಸು ಹಾಕಲಿ. ಮರುದಿನಕ್ಕೆ ಬಿಟ್ಟರೆ ಆ 60 ರೂಪಾಯಿಯ ಲೆಕ್ಕ ಗ್ರೂಪಿನಲ್ಲಿ ಮುಂದಿನ ದೀಪಾವಳಿಯವರೆಗೆ ಓಡುತ್ತದೆ.